ಯಾರಿಂದ ಎಂಬ ಕಾಲಂ

ಡಾ. ರಾಜ್‌ಕುಮಾರ್ ರಸ್ತೆಯ ಆ ಕಟ್ಟಡದಲ್ಲಿ ಕೆಳಗೆ ಸ್ಟೀಲ್ ಪಾತ್ರೆ ಮಾರುತ್ತಿದ್ದರು, ಮೇಲೆ ಬಂದೂಕು. ಮೆಟ್ಟಿಲು ಮುಗಿದಲ್ಲಿ ಕಬ್ಬಿಣದ ಜಾಲರಿ ಬಾಗಿಲು, ಪಕ್ಕದಲ್ಲಿ ಕರೆಗಂಟೆ, ತಲೆಯ ಮೇಲೊಂದು ಕ್ಯಾಮೆರಾ. ತುಂಗಾ ಗಂಟೆ ಒತ್ತದೆ ನಿಂತಳು. ಹಿಂದಿನ ಮೆಟ್ಟಿಲಲ್ಲಿ ಏದುಸಿರು ಬಿಡುತ್ತಿದ್ದ ಅವಳ ಅಪ್ಪ ವೆಂಕಟಗಿರಿ ಅವಳ ಭುಜದ ಮೇಲಿಂದ ಕೈ ಚಾಚಿ ತಾವೇ ಒತ್ತಿದರು.

“ಇಲ್ಲೀತನಕ ಬಂದು ಬಾಗಿಲಲ್ಲಿ ಮೀನಮೇಷ ಎಣಿಸ್ತೀಯಲ್ಲ,” ಎಂದರು. “ಲೈಸೆನ್ಸ್ ಬಂದು ನಾಲ್ಕು ತಿಂಗಳಾಯ್ತು. ಅದಕ್ಕೆ ನಾನು ಹದಿನಾಲ್ಕು ತಿಂಗಳು ಓಡಾಡಿದೀನಿ ಕಣೇ.”

ಓಡಾಡಿದ್ದು ನಿಜ. ದೂರವಾಣಿ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದ ಅವರಿಗೆ ಕಚೇರಿಗಳ ಬೆಂಚಿನ ಮೇಲೆ ಕಾಯುವುದು ಕಷ್ಟವೆನಿಸುತ್ತಿರಲಿಲ್ಲ. ಅಳಿಯ ಅನಿಕೇತ್ ಮೂವತ್ತಾರನೆಯ ವಯಸ್ಸಿಗೆ, ಒಂದು ಮಂಗಳವಾರ ಬೆಳಿಗ್ಗೆ, ಶೂ ಹಾಕಿಕೊಳ್ಳಲು ಕೂತವನು ಏಳಲಿಲ್ಲ. ಆ ಮೇಲೆ ಮಗಳು ಆರ್‌ಪಿಸಿ ಲೇಔಟಿನ ಮನೆ ಬಿಟ್ಟು ಬರುವುದಿಲ್ಲ ಎಂದಳು. ಒಂಟಿ ಹೆಂಗಸು, ಬೀದಿಯಲ್ಲಿ ಆಗಲೇ ಎರಡು ಸರಗಳ್ಳತನ. ಅಪ್ಪನಾದವನಿಗೆ ಏನಾದರೂ ಮಾಡಬೇಕಿತ್ತು. ಅವರು ಕೋವಿಯ ಅರ್ಜಿ ಹಾಕಿಸಿದರು. ತುಂಗಾ ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಆ ದಿನಗಳಲ್ಲಿ ಅವಳು ಯಾವುದಕ್ಕೂ ಹಾಗೆ ಅನ್ನುತ್ತಿರಲಿಲ್ಲ. ಎದುರಿಗೆ ಹಿಡಿದ ಕಾಗದಕ್ಕೆಲ್ಲ ಸಹಿ ಹಾಕುತ್ತಿದ್ದಳು.

ಬಾಗಿಲು ತೆರೆದವಳು ಮೂವತ್ತರ ಆಸುಪಾಸಿನ ಹೆಂಗಸು. ಕಾಟನ್ ಚೂಡಿದಾರ, ಕತ್ತಿನಲ್ಲಿ ‘ಸುಮಾ’ ಎಂಬ ಗುರುತುಪಟ್ಟಿ.

“ಬನ್ನಿ ಮೇಡಂ, ಬನ್ನಿ ಸಾರ್. ಬಿಸಿಲಲ್ಲಿ ಬಂದಿದೀರ. ಮಜ್ಜಿಗೆ ಕೊಡ್ಲಾ, ಕಾಫಿ ಕೊಡ್ಲಾ?”

ಒಳಗೆ ಏಸಿ ತಣ್ಣಗಿತ್ತು. ಗಾಜಿನ ಕಪಾಟುಗಳಲ್ಲಿ ಬಂದೂಕುಗಳು ಶಾಲೆಯ ಬಹುಮಾನಗಳ ಹಾಗೆ ಸಾಲಾಗಿ ನಿಂತಿದ್ದವು. ಮೂಲೆಯ ಮೇಜಿನ ಹಿಂದೆ ಹಣೆತುಂಬ ವಿಭೂತಿ ಹಚ್ಚಿಕೊಂಡ ಮುದುಕರೊಬ್ಬರು ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಅಂಗಡಿಯ ಯಜಮಾನರು, ಗೂಳಪ್ಪ. ತಲೆ ಎತ್ತಿ ಕೈ ಮುಗಿದು ಮತ್ತೆ ಬರೆಯತೊಡಗಿದರು.

“ಮೊದಲನೇ ಸಲಾನಾ ಮೇಡಂ?” ಸುಮಾ ಮಜ್ಜಿಗೆಯ ಲೋಟ ಇಡುತ್ತ ಕೇಳಿದಳು.

“ಹೂಂ.”

“ಹಂಗಾದ್ರೆ ಒಂದು ಮಾತು. ಇದನ್ನ ಸೀರೆ ಅಂಗಡಿ ಅಂದ್ಕೊಳ್ಳಿ. ಎಲ್ಲಾ ತೆಗ್ಸಿ, ಕೈಗೆ ತಗೊಂಡು ನೋಡಿ. ಒಂದೂ ಹಿಡಿಸ್ಲಿಲ್ಲ ಅಂದ್ರೂ ಪರ್ವಾಗಿಲ್ಲ, ವಾಪಸ್ ಎತ್ತಿಡೋದು ನನ್ ಕೆಲಸ. ಗಂಡಸ್ರು ಬಂದ್ರೆ ಎಲ್ಲಕ್ಕಿಂತ ದೊಡ್ಡದು ಯಾವ್ದು ಅಂತ ಮೊದಲು ಅದಕ್ಕೇ ಕೈ ಹಾಕ್ತಾರೆ. ಹೆಂಗಸ್ರು ಕೇಳಿ ತಗೋತಾರೆ.”

ವೆಂಕಟಗಿರಿ ನಕ್ಕರು. ಹೊರಗೆ ಅಷ್ಟು ಗದರಿದವರು ಇಲ್ಲಿ ಸೋಫಾಗೆ ಒರಗಿ, ಪ್ಲಾಸ್ಟಿಕ್ ಕವರಿನಿಂದ ಲೈಸೆನ್ಸ್ ಪುಸ್ತಕ, ಆಧಾರ್ ನಕಲು, ತರಬೇತಿಯ ಪ್ರಮಾಣಪತ್ರ ಒಂದೊಂದಾಗಿ ತೆಗೆದು ಗೂಳಪ್ಪನವರ ಮೇಜಿಗೆ ಕೊಟ್ಟರು. ಮಗಳು ತರಬೇತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗುರಿ ಹಿಡಿದಳೆಂದೂ ಹೇಳಿದರು. ಅವರ ದನಿಯಲ್ಲಿ ಹೆಮ್ಮೆಯಿತ್ತು. ಅವಳ ಬಗ್ಗೆ ಆ ದನಿ ಕೇಳಿ ಎರಡು ವರ್ಷವಾಗಿತ್ತು.

ಸುಮಾ ಒಂದು ಪ್ಯಾಡು, ಪೆನ್ನು ತಂದು ತುಂಗಾಳ ಪಕ್ಕದಲ್ಲೇ ಕೂತಳು.

“ಈಗ ಹೇಳಿ ಮೇಡಂ. ಯಾರಿಂದ ತೊಂದ್ರೆ?”

ತುಂಗಾ ಮಜ್ಜಿಗೆಯ ಲೋಟವನ್ನು ಕೆಳಗಿಟ್ಟಳು.

ಇದೇ ಪ್ರಶ್ನೆ. ಪೊಲೀಸ್ ವಿಚಾರಣೆಯ ನಮೂನೆಯಲ್ಲೂ ಒಂದು ಕಾಲಂ ಇತ್ತು: ಜೀವಭಯ ಇದ್ದಲ್ಲಿ, ಯಾರಿಂದ. ವಕೀಲರ ಆಫೀಸಿನಲ್ಲಿ ಗುಮಾಸ್ತನಾಗಿದ್ದ ಚಿಕ್ಕಪ್ಪನ ಮಗ ಮುರಳೀಕೃಷ್ಣ ಅಂದು ಅವಳ ಮನೆಯ ಊಟದ ಮೇಜಿನ ಮೇಲೆ ನಮೂನೆ ಹರಡಿಕೊಂಡು ಹೇಳಿದ್ದ: “ಇದನ್ನ ಖಾಲಿ ಬಿಟ್ರೆ ಫೈಲು ಮೇಲೇಳಲ್ಲ ಅಕ್ಕ. ಸುಮ್ನೆ ಭಯ ಅಂದ್ರೆ ಎಲ್ರಿಗೂ ಭಯಾನೇ. ಒಂದು ಹೆಸರು ಬೇಕು, ಒಂದು ಕಂಪ್ಲೇಂಟ್ ಬೇಕು. ಯಾರಾದ್ರೂ ಸರಿ. ಎಲ್ರೂ ಹಂಗೇ ಮಾಡೋದು. ಅವ್ರಿಗೇನೂ ಆಗಲ್ಲ, ಕರೆದು ಒಂದು ಮಾತು ಕೇಳಿ ಬಿಡ್ತಾರೆ.”

ಯಾರಾದರೂ. ಆಗ ಸಂಜೆ ಏಳು ಗಂಟೆ. ಊಟದ ಮೇಜಿನ ಎದುರಿನ ಕಿಟಕಿಯಿಂದ ಗೇಟು ಕಾಣುತ್ತಿತ್ತು. ಗೇಟಿನ ಹೊರಗೆ, ಬೀದಿದೀಪದ ಕೆಳಗೆ, ಕಂಕುಳಲ್ಲಿ ಬಟ್ಟೆಯ ಗಂಟು ಹಿಡಿದು ಬೈರಯ್ಯ ನಿಂತಿದ್ದ. ಬೀದಿಯ ಮೂಲೆಯ ಹೊಂಗೆ ಮರದ ಕೆಳಗೆ ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದವನು. ಆರು ವರ್ಷ ಅವರ ಮನೆಯ ಬಟ್ಟೆಗೆ ಇಸ್ತ್ರಿ ಹಾಕಿದವನು. ಅನಿಕೇತ್ ಹೋದ ಮೇಲೆ ದಿನಾ ಅದೇ ಹೊತ್ತಿಗೆ ಬಂದು ಹಾಗೆ ನಿಲ್ಲುತ್ತಿದ್ದ. ಕರೆಯುತ್ತಿರಲಿಲ್ಲ. ಗೇಟು ಮುಟ್ಟುತ್ತಿರಲಿಲ್ಲ. ಬಾಗಿಲ ಕಡೆ ನೋಡಿ, ಕಾಲು ಬದಲಿಸಿ, ಸ್ವಲ್ಪ ಹೊತ್ತಿಗೆ ಹೊರಟುಹೋಗುತ್ತಿದ್ದ.

ತುಂಗಾ “ಬೈರಯ್ಯ” ಎಂದಳು.

ಹೇಳಿದವಳು ಅವಳೇ. ಅಪ್ಪನಲ್ಲ, ಮುರಳೀಕೃಷ್ಣನಲ್ಲ. ಅವನನ್ನು ಕಂಡರೆ ಹೆದರಿಕೆ ಇತ್ತೇ ಎಂದರೆ ಇರಲಿಲ್ಲ. ಆ ಮನುಷ್ಯ ಅಲ್ಲಿ ಬಂದು ಹಾಗೆ ನಿಲ್ಲುವುದು ಅವಳಿಗೆ ಬೇಡವಾಗಿತ್ತು, ಅಷ್ಟೇ. ಒಳಗಿನಿಂದ ಇನ್ನೂ ಯಾರೋ ಬರಬೇಕು ಎಂಬ ಹಾಗೆ ಅವನು ಬಾಗಿಲು ನೋಡುತ್ತಿದ್ದ. ಅದನ್ನು ಅವಳು ಸಹಿಸದಾಗಿದ್ದಳು. ಕಾಲಂ ತುಂಬಿತು. ಮುರಳೀಕೃಷ್ಣ ದೂರು ಬರೆದ, ಅವಳು ಸಹಿ ಹಾಕಿದಳು, ಅಪ್ಪ ಸಾಕ್ಷಿ ಹಾಕಿದರು. ಒಂದು ವಾರದಲ್ಲಿ ಬೈರಯ್ಯನನ್ನು ಠಾಣೆಗೆ ಕರೆಸಿ, ಆ ಬೀದಿಗೆ ಕಾಲಿಡುವುದಿಲ್ಲ, ಒಳ್ಳೆಯ ನಡತೆಯಿಂದ ಇರುತ್ತೇನೆ ಎಂದು ಮುಚ್ಚಳಿಕೆ ಬರೆಸಿಕೊಂಡರು. ಹೊಂಗೆ ಮರದ ಕೆಳಗಿನ ಗಾಡಿ ಹೋಯಿತು. ಕೆಲವು ದಿನ ಅಲ್ಲಿ ಇದ್ದಿಲಿನ ಮಸಿ ಉಳಿದಿತ್ತು. ಆಮೇಲೆ ಯಾರೋ ಕಾರು ನಿಲ್ಲಿಸತೊಡಗಿದರು.

“ಮೇಡಂ? ಹೆಸರೇನೂ ಬೇಡ,” ಸುಮಾ ಮೆತ್ತಗೆ ಹೇಳಿದಳು. “ಆಳು ಹೆಂಗಿದಾನೆ ಅಂತ ಹೇಳಿ ಸಾಕು. ಎಷ್ಟು ಎತ್ತರ, ಎಷ್ಟು ದೂರದಲ್ಲಿ ನಿಂತಿರ್ತಾನೆ, ಓಡಿ ಬರೋ ಅಂಥೋನಾ, ಅಲ್ವಾ. ಅದರ ಮೇಲೆ ನಿಮಗೆ ಯಾವ್ದು ಸರಿ ಅಂತ ನಾನು ಹೇಳ್ತೀನಿ. ಸುಮ್ನೆ ಒಂದು ಮಾರಿ ಕಳ್ಸೋದು ನಮ್ ಯಜಮಾನ್ರಿಗೆ ಆಗಲ್ಲ.”

“ಐದಡಿ ಎರಡಿಂಚು,” ಎಂದಳು ತುಂಗಾ. “ಇರಬಹುದು.”

“ವಯಸ್ಸು?”

“ಅರವತ್ತೆಂಟು.”

ಸುಮಾಳ ಪೆನ್ನು ನಿಂತಿತು. ಆದರೆ ಅವಳು ತನ್ನ ಕೆಲಸ ಬಲ್ಲವಳು; ಬರೆದುಕೊಂಡಳು. “ಕುಡೀತಾರಾ?”

“ಇಲ್ಲ.”

“ಓಡಿ ಬರ್ತಾರಾ?”

“ಎಡಗಾಲು ಸ್ವಲ್ಪ ಎಳೀತಾರೆ.”

“ಕೈಯಲ್ಲಿ ಏನಾದ್ರೂ ಇರುತ್ತಾ? ಮಚ್ಚು, ಚಾಕು, ಆ ಥರ?”

“ಗಂಟು.”

“ಗಂಟಾ?”

“ಬಟ್ಟೆ ಗಂಟು. ಇಸ್ತ್ರಿ ಬಟ್ಟೆ.”

ಸುಮಾ ವೆಂಕಟಗಿರಿಯವರ ಕಡೆ ನೋಡಿದಳು. ಅವರು ಸೋಫಾದಲ್ಲಿ ಮುಂದಕ್ಕೆ ಸರಿದು ಕೂತರು. “ನೋಡಕ್ಕೆ ಹಂಗಿರ್ತಾರಮ್ಮ. ಒಳಗೇನಿರುತ್ತೆ ಯಾರಿಗ್ಗೊತ್ತು. ದಿನಾ ಬಂದು ಮನೆ ಮುಂದೆ ನಿಲ್ಲೋದು ಅಂದ್ರೆ ಏನರ್ಥ?”

“ಅದೂ ಸರಿ ಸಾರ್,” ಎಂದಳು ಸುಮಾ. ಎದ್ದು ಹೋಗಿ ಕಪಾಟಿನ ಬೀಗ ತೆಗೆದಳು.

ಅದೇನು ಅರ್ಥವೆಂದು ತುಂಗಾಳಿಗೆ ಗೊತ್ತಾಗಿ ನಾಲ್ಕು ತಿಂಗಳಾಗಿತ್ತು. ಲೈಸೆನ್ಸ್ ಬಂದ ವಾರದಲ್ಲೇ ಬೈರಯ್ಯನ ಹೆಂಡತಿ ಅಂಜನಮ್ಮ ಬಂದಿದ್ದಳು. ಭಾನುವಾರ ಬೆಳಿಗ್ಗೆ. ಹಳೆಯ ದುಪ್ಪಟಿಯಲ್ಲಿ ಕಟ್ಟಿದ ಗಂಟನ್ನು ಜಗಲಿಯ ಮೇಲಿಟ್ಟು, ತಾನು ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಗಂಟಿನಲ್ಲಿ ಅನಿಕೇತನ ಆರು ಅಂಗಿ, ಒಂದು ಪ್ಯಾಂಟು. ಆ ಮಂಗಳವಾರದ ಹಿಂದಿನ ದಿನ ಕೊಟ್ಟಿದ್ದ ಬಟ್ಟೆ.

“ನಮ್ಮೆಜಮಾನ್ರು ದಿನಾ ತಗೊಂಡ್ ಬರೋರು ಮೇಡಂ, ದಿನಾ ವಾಪಸ್ ತರೋರು,” ಎಂದಿದ್ದಳು. “ಹೋದೋರ ಬಟ್ಟೇನ ಹೆಂಡ್ರ ಕೈಗೆ ಹೆಂಗೆ ಕೊಡೋದು ಅಂತ. ಇಟ್ಕಳಂಗೂ ಇಲ್ಲ. ಒಳಗಿಂದ ಯಾರಾದ್ರೂ ಗಂಡಸ್ರು ಬಂದ್ರೆ ಅವರ ಕೈಲಿ ಕೊಟ್ಟುಬಿಡಾಣ ಅಂತ ಕಾಯೋರು. ಬೆಲ್ ಮಾಡ್ರಿ ಅಂದ್ರೆ, ಆ ತಾಯಿ ಬಾಗಿಲು ತೆಗೆದ್ರೆ ನಾನೇನು ಹೇಳ್ಲಿ ಅಂತಿದ್ರು.”

ತುಂಗಾ ಗಂಟಿನ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು.

ಅಂಜನಮ್ಮ ಬಂದದ್ದು ಬಟ್ಟೆ ಕೊಡಲಷ್ಟೇ ಅಲ್ಲ. ಚಂದ್ರಾ ಲೇಔಟಿನ ಹತ್ತಿರ ಒಂದು ದೊಡ್ಡ ಅಪಾರ್ಟ್‌ಮೆಂಟಿನವರು ಬೈರಯ್ಯನಿಗೆ ಕೆಳಗಿನ ಮಹಡಿಯಲ್ಲಿ ಇಸ್ತ್ರಿಗೆ ಜಾಗ ಕೊಡುತ್ತೇವೆ ಎಂದಿದ್ದರು. ಇನ್ನೂರು ಮನೆ. ಮಳೆ ಬಿಸಿಲಿನ ಕಾಟವಿಲ್ಲ. ಆದರೆ ಪೊಲೀಸ್ ವೆರಿಫಿಕೇಷನ್ ಆಗಬೇಕು. ಠಾಣೆಯಲ್ಲಿ ಹೆಸರು ಹುಡುಕಿದಾಗ ಮುಚ್ಚಳಿಕೆ ಸಿಕ್ಕಿತು. ಒಂಟಿ ಹೆಂಗಸಿನ ಮನೆಯ ಮುಂದೆ ನಿಂತು ಬೆದರಿಸಿದ ಆಳು ಎಂದು ಅದರಲ್ಲಿತ್ತು. ಅಪಾರ್ಟ್‌ಮೆಂಟಿನವರು ಆಗುವುದಿಲ್ಲ ಎಂದರು. ಠಾಣೆಯವರು, ಆ ಬೀದಿಯವರೇ ಯಾರಾದರೂ ಇವನು ಒಳ್ಳೆಯ ಮನುಷ್ಯ ಎಂದು ಬರೆದುಕೊಟ್ಟರೆ ನೋಡೋಣ ಎಂದರು.

“ಕಂಪ್ಲೇಂಟ್ ಕೊಟ್ಟಿದ್ದು ಯಾರು ಅಂತ ನಮಗೆ ಗೊತ್ತು,” ಅಂಜನಮ್ಮ ದನಿ ತಗ್ಗಿಸಿದ್ದಳು. “ನಿಮ್ ಬೀದಿ ಅಸೋಸಿಯೇಷನ್ ಅಧ್ಯಕ್ಷ, ನಿಮ್ಮನೆ ನೆಪ ಮಾಡ್ಕೊಂಡು. ಗಾಡಿ ಎತ್ತಿಸ್ಬೇಕು ಅಂತ ಮೊದಲಿಂದ ಅವನಿಗೆ. ಇರ್ಲಿ. ನೀವು ಕನ್ನಡ ಮೇಡಂ ಅಲ್ವಾ, ಕಾಲೇಜ್ನಲ್ಲಿ ಪಾಠ ಮಾಡೋರು. ಒಂದು ಕಾಗದ ಬರ್ಕೊಡಿ. ಇಂಥ ಬೈರಯ್ಯ, ಆರು ವರ್ಷದಿಂದ ಗೊತ್ತು, ಒಂದು ದಿನ ಕೆಟ್ಟ ಕಣ್ಣಲ್ಲಿ ನೋಡಿದೋನಲ್ಲ ಅಂತ. ಅಷ್ಟೇ ಸಾಕು.”

“ಬರ್ಕೊಡ್ತೀನಿ,” ಎಂದಿದ್ದಳು ತುಂಗಾ.

ಬರೆಯಲಿಲ್ಲ. ಪಿಯುಸಿ ಮಕ್ಕಳಿಗೆ ವರ್ಷಕ್ಕೆ ಇನ್ನೂರು ಪತ್ರ ಬರೆಸುವವಳು, ಇವರಿಗೆ, ಇವರಿಂದ, ಮಾನ್ಯರೇ ಎಂದು ಹಾಕಿ ಕೂತಿದ್ದಳು. ಆ ಪತ್ರ ಬರೆದರೆ ಠಾಣೆಯವರು ಎರಡು ಸಹಿ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಅಂಜನಮ್ಮ ಎರಡು ಸಲ ಫೋನ್ ಮಾಡಿದಳು. ಕಾಲೇಜಿನಲ್ಲಿ ಪರೀಕ್ಷೆ ಎಂದಳು ತುಂಗಾ. ಮೂರನೆಯ ಸಲ ಫೋನ್ ಎತ್ತಲಿಲ್ಲ. ಅಪಾರ್ಟ್‌ಮೆಂಟಿನವರು ಯುಗಾದಿಯವರೆಗೆ ಕಾಯುತ್ತಾರಂತೆ. ಯುಗಾದಿಗೆ ಇನ್ನು ಹನ್ನೆರಡು ದಿನ.

ಹಾಗಿದ್ದೂ ಇವತ್ತು ಅಪ್ಪನ ಜೊತೆ ಬಂದಿದ್ದಳು. ಯಾಕೆ ಬಂದೆ ಎಂದು ತನ್ನನ್ನೇ ಕೇಳಿಕೊಂಡರೆ ಅವಳಿಗೆ ಸಿಗುತ್ತಿದ್ದ ಉತ್ತರ ನಾಚಿಕೆಯದು. ಕೋವಿ ಕೊಂಡರೆ ಹೆದರಿಕೆ ಇತ್ತು ಎಂದಾಗುತ್ತದೆ. ಹೆದರಿದವಳು ಹೆಸರು ಹೇಳಿದರೆ ತಪ್ಪಲ್ಲ.

“ಇದು ನೋಡಿ ಮೇಡಂ.” ಸುಮಾ ಹಸಿರು ಮಖಮಲ್ಲಿನ ತಟ್ಟೆಯಲ್ಲಿ ಸಣ್ಣ ರಿವಾಲ್ವರ್ ತಂದಿಟ್ಟಳು. ಚಕ್ರ ಬಿಚ್ಚಿ, ಆರು ತೂತುಗಳನ್ನೂ ಬೆಳಕಿಗೆ ಹಿಡಿದು ಖಾಲಿ ಇದೆ ಎಂದು ತೋರಿಸಿದಳು. “ಎಷ್ಟು ಸಲ ಖಾಲಿ ಅಂತ ಗೊತ್ತಿದ್ರೂ ಇನ್ನೊಂದ್ಸಲ ನೋಡ್ಬೇಕು. ನಮ್ ಯಜಮಾನ್ರು ಹೆಂಡತಿ ಮಾತಾದ್ರೂ ನಂಬ್ತಾರೆ, ಕೋವಿ ಖಾಲಿ ಅಂದ್ರೆ ಮಾತ್ರ ನಂಬಲ್ಲ.”

“ನಿನ್ನ ಮಾತಿಗೇ ಅರ್ಧ ಗಿರಾಕಿ ಓಡೋಗ್ತಾರೆ,” ಎಂದರು ಗೂಳಪ್ಪ ತಲೆ ಎತ್ತದೆ.

“ಉಳಿದರ್ಧ ನನ್ ಮಾತಿಗೇ ಬರೋದು ಸಾರ್.”

ಸುಮಾ ತುಂಗಾಳ ಅಂಗೈ ಬಿಡಿಸಿ, ಹೆಬ್ಬೆರಳಿನಿಂದ ತೋರುಬೆರಳಿನ ತನಕ ಅಳೆದಳು. ಬಳೆ ತೊಡಿಸುವವಳ ಹಾಗೆ. ಬೇರೊಂದು ಹಿಡಿ ಸಿಕ್ಕಿಸಿ ಮತ್ತೆ ಕೈಗಿಟ್ಟಳು. ಅದು ಕೈಯಲ್ಲಿ ಸರಿಯಾಗಿ ಕೂತಿತು. ಹಾಗೆ ಸರಿಯಾಗಿ ಕೂರಬಾರದಿತ್ತು ಎಂದು ತುಂಗಾಳಿಗೆ ಅನ್ನಿಸಿತು.

“ಗೇಟಿಂದ ಬಾಗಿಲಿಗೆ ಎಷ್ಟಿದೆ ಮೇಡಂ?”

“ಹದಿನೈದಡಿ.”

“ನೋಡಿ, ಇಲ್ಲಿಂದ ಆ ಬೀರುಗೆ ಸರಿಯಾಗಿ ಹದಿನೈದು. ಎದ್ದು ನಿಂತ್ಕೊಳ್ಳಿ. ಬೀರು ಹತ್ರ ಅವ್ರು ನಿಂತಿದಾರೆ ಅಂದ್ಕೊಳ್ಳಿ. ಐದಡಿ ಎರಡಿಂಚು ಅಂದ್ರಲ್ಲ, ಹಂಗಾದ್ರೆ ಎದೆ ಆ ಹಿಡಿಕೆ ನೇರಕ್ಕೆ ಬರುತ್ತೆ. ಎರಡೂ ಕೈ. ಉಸಿರು ಬಿಡ್ತಾ.”

ತುಂಗಾ ಎದ್ದು ನಿಂತಳು. ತರಬೇತಿಯಲ್ಲಿ ಎದುರಿಗಿದ್ದದ್ದು ಕಾಗದದ ವೃತ್ತ. ಇಲ್ಲಿ ಬೂದುಬಣ್ಣದ ಬೀರುವಿನ ಮುಂದೆ ಬೈರಯ್ಯ ಕಂಕುಳಲ್ಲಿ ಗಂಟು ಇಟ್ಟುಕೊಂಡು, ಒಳಗಿನಿಂದ ಯಾರಾದರೂ ಬಂದಾರೇ ಎಂದು ನೋಡುತ್ತ ನಿಂತಿದ್ದ. ಅವನು ಎಡಗಾಲಿನ ಭಾರವನ್ನು ಬಲಗಾಲಿಗೆ ಹಾಕಿದ. ಅವಳು ಕೈ ಎತ್ತಿದಳು. ಗುರಿ ಹಿಡಿಕೆಯ ನೇರಕ್ಕೆ ಬಂದು ನಿಂತಿತು.

“ಸಾರ್, ಕೈ ನೋಡಿ,” ಎಂದಳು ಸುಮಾ ನಿಜವಾದ ಮೆಚ್ಚುಗೆಯಿಂದ. “ಒಂಚೂರು ಅಲ್ಲಾಡ್ತಿಲ್ಲ. ಮೊದಲನೇ ಸಲ ಬರೋರಲ್ಲಿ ನಾನು ಇಂಥ ಕೈ ನೋಡೇ ಇಲ್ಲ.”

ಹೌದು, ಅಲ್ಲಾಡುತ್ತಿರಲಿಲ್ಲ. ಆ ಸಂಜೆ ದೂರಿನ ಕೆಳಗೆ ಸಹಿ ಹಾಕುವಾಗಲೂ ಅಲ್ಲಾಡಿರಲಿಲ್ಲ. ಅಕ್ಷರ ಎಷ್ಟು ಮುದ್ದಾಗಿ ಬಂದಿತ್ತೆಂದರೆ ಮುರಳೀಕೃಷ್ಣ ‘ಇದೇ ಥರ ನಕಲಿಗೂ ಹಾಕು ಅಕ್ಕ’ ಎಂದಿದ್ದ.

ಅವಳು ರಿವಾಲ್ವರನ್ನು ಮಖಮಲ್ಲಿನ ಮೇಲಿಟ್ಟಳು. ಕೂತಳು.

“ಹಿಡಿಸ್ತಾ ಮೇಡಂ?”

“ಹಿಡಿಸ್ತು.”

ವೆಂಕಟಗಿರಿ ಉಸಿರುಬಿಟ್ಟು ಲೋಟದ ತಳದ ಮಜ್ಜಿಗೆ ಕುಡಿದರು. ಗೂಳಪ್ಪ ದೊಡ್ಡ ರಿಜಿಸ್ಟರನ್ನು ಅವಳ ಕಡೆ ತಿರುಗಿಸಿ, ಕನ್ನಡಕ ಮೂಗಿನ ತುದಿಗಿಳಿಸಿ, ಬರೆದದ್ದನ್ನು ಬೆರಳಿಟ್ಟು ಓದಿದರು. “ಹೆಸರು, ತುಂಗಾ. ಗಂಡನ ಹೆಸರು, ದಿವಂಗತ ಅನಿಕೇತ್. ವಿಳಾಸ ಸರಿಯಾ? ಉದ್ದೇಶ, ಆತ್ಮರಕ್ಷಣೆ. ಕಾರಣ, ಜೀವಭಯ. ಇಲ್ಲೊಂದು ಸಹಿ ಹಾಕಿ ತಾಯಿ. ಕೆಳಗೆ ಇನ್ನೊಂದು.”

ತುಂಗಾ ಪೆನ್ನು ತೆಗೆದುಕೊಂಡಳು.

“ಯಜಮಾನ್ರೇ, ಒಂದು ಕೇಳ್ತೀನಿ. ಈಗ ಬೇಡ ಅಂದ್ರೆ ಏನಾಗುತ್ತೆ?”

“ಬೇಡ ಅಂದ್ರೆ?” ಎಂದರು ವೆಂಕಟಗಿರಿ.

ಗೂಳಪ್ಪ ಅವಳ ಮುಖ ನೋಡಿದರು. “ಏನೂ ಆಗಲ್ಲ. ಲೈಸೆನ್ಸ್ ವಾಪಸ್ ಕೊಟ್ಟು, ಸ್ವಂತ ಕಾರಣದಿಂದ ಬೇಡ ಅಂತ ಒಂದು ಗೆರೆ ಬರ್ದುಕೊಟ್ರೆ ಮುಗೀತು. ಯಾರೂ ಯಾಕೆ ಅಂತ ಕೇಳಲ್ಲ.”

“ನಾನು ಒಬ್ರ ಹೆಸರು ಕೊಟ್ಟಿದೀನಿ. ಭಯ ಇದೆ ಅಂತ. ಸುಳ್ಳು ಅದು.”

ಗೂಳಪ್ಪನವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿದರು.

“ನಾನು ನಲವತ್ತು ವರ್ಷದಿಂದ ಈ ಕುರ್ಚಿ ಮೇಲೆ ಕೂತಿದೀನಿ ತಾಯಿ. ಷಡ್ಡಕನ ಹೆಸರು ಕೊಟ್ಟೋರು ಬಂದಿದಾರೆ. ಬಾಡಿಗೆಗಿದ್ದೋನ ಹೆಸರು, ಒಡಹುಟ್ಟಿದೋನ ಹೆಸರು. ಬೀಗ್ರ ಹೆಸರು ಕೊಟ್ಟು, ಆಮೇಲೆ ಅವರ ಮದ್ವೇಲೇ ಕೋವಿ ಸಿಗಿಸ್ಕೊಂಡು ಓಡಾಡಿದೋರು ಬಂದಿದಾರೆ. ಯಾರ್ದೋ ಒಬ್ರದ್ದು ಕೊಡ್ತಾರೆ. ನೀವು ಸ್ವಂತ ಕಾರಣ ಅಂತ ಬರೀರಿ. ಮನೆಗೆ ಹೋಗಿ.”

“ಆ ಹೆಸರು?”

“ಅದೆಲ್ಲೋಗುತ್ತೆ. ಫೈಲಲ್ಲಿರುತ್ತೆ.”

“ಅದನ್ನ ತೆಗೆಸ್ಬೇಕಾದ್ರೆ?”

“ನೀವೇ ಸುಳ್ಳು ಅಂತ ಬರ್ದುಕೊಡ್ಬೇಕು. ಹಂಗೆ ಬರ್ದ್ರೆ ಕೇಸು ನಿಮ್ಮೇಲೇ ತಿರುಗುತ್ತೆ. ಸುಳ್ಳು ದೂರು ಅಂತ. ನೀವು ಓದಿರೋರು, ನಾನು ಹೇಳ್ಬೇಕಾಗಿಲ್ಲ.”

ವೆಂಕಟಗಿರಿ ಎದ್ದು ಬಂದು ಮೇಜಿಗೆ ಕೈಯೂರಿ ನಿಂತರು. ದನಿ ಏರಿಸಲಿಲ್ಲ. “ತುಂಗಾ, ಕಾಲೇಜ್ನವರಿಗೆ ಗೊತ್ತಾದ್ರೆ ಕೆಲ್ಸ ಉಳಿಯುತ್ತಾ? ಅದು ಇಲ್ದೆ ಆ ಮನೆ ಹೆಂಗೆ ನಡೆಸ್ತೀಯ?”

“ಗೊತ್ತಿಲ್ಲ ಅಪ್ಪ.”

“ಅದರಲ್ಲಿ ನನ್ನ ಸಹೀನೂ ಇದೆ ಕಣೇ.”

ಅವಳು ಅಪ್ಪನ ಕೈ ನೋಡಿದಳು. ಉಗುರುಗಳನ್ನು ಒಪ್ಪವಾಗಿ ಕತ್ತರಿಸಿಕೊಂಡ, ಸ್ವಲ್ಪ ಊದಿದ ಕೈ. ಹದಿನಾಲ್ಕು ತಿಂಗಳು ಅವಳಿಗಾಗಿ ಫೈಲು ಹಿಡಿದ ಕೈ. ಬೈರಯ್ಯನ ಹೆಸರು ಹೇಳಿ ಅವಳು ಇವರಿಗೂ ಅನ್ಯಾಯ ಮಾಡಿದ್ದಳು. ಈಗ ಸರಿಮಾಡಹೊರಟರೆ ಇನ್ನೊಮ್ಮೆ ಮಾಡಬೇಕು. ಯಾರಿಗೂ ನೋವಾಗದ ದಾರಿಯೊಂದು ಇತ್ತು, ಗೂಳಪ್ಪ ಅದನ್ನು ಆಗಲೇ ತೋರಿಸಿದ್ದರು. ಸ್ವಂತ ಕಾರಣ. ಎರಡು ಪದ. ನಾಲ್ಕು ತಿಂಗಳಿಂದ ಪತ್ರ ಬರೆಯದೆ, ಕೊನೆಗೆ ಫೋನನ್ನೂ ಎತ್ತದೆ ಅವಳು ನಡೆದದ್ದೂ ಅದೇ ದಾರಿ.

“ನೀವು ಒತ್ತಾಯ ಮಾಡಿದ್ರಿ ಅಂತ ಬರೆಯಲ್ಲ,” ಎಂದಳು. “ನೀವು ನನ್ನ ಮಾತು ನಂಬಿ ಹಾಕಿದ್ರಿ ಅಂತ ಬರೀತೀನಿ. ನಿಜಾನೇ ಅಲ್ವಾ?”

ಅದು ಪೂರ್ತಿ ನಿಜವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ವೆಂಕಟಗಿರಿ ಖಾಲಿ ಪ್ಲಾಸ್ಟಿಕ್ ಕವರನ್ನು ಮಡಚಿ ಜೇಬಿಗಿಟ್ಟುಕೊಂಡು, “ನಾನು ಮೆಟ್ರೋದಲ್ಲಿ ಹೋಗ್ತೀನಿ,” ಎಂದು ಬಾಗಿಲ ಕಡೆ ನಡೆದರು. ಸುಮಾ ಓಡಿಹೋಗಿ ಜಾಲರಿ ಬಾಗಿಲು ತೆರೆದು, “ಮೆಟ್ಟಿಲು ಕಡಿದಾಗಿದೆ ಸಾರ್, ನಿಧಾನ,” ಎಂದಳು. ಅವರು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಹೋಗುವುದು ಬಹಳ ಹೊತ್ತು ಕೇಳಿಸಿತು.

ವಾಪಸು ಬಂದ ಸುಮಾ ರಿವಾಲ್ವರನ್ನು ಬಟ್ಟೆಯಿಂದ ಒರೆಸಿ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಹಿಡಿಸದ ಸೀರೆ ಮಡಚಿಟ್ಟಷ್ಟೇ ಸಹಜವಾಗಿ. ಆಮೇಲೆ ಕೇಳದೆಯೇ ನಾಲ್ಕು ಬಿಳಿ ಹಾಳೆ ತಂದು ತುಂಗಾಳ ಮುಂದಿಟ್ಟಳು.

“ಕಾರ್ಬನ್ ಕೊಡ್ಲಾ ಮೇಡಂ? ಒಂದು ಪ್ರತಿ ನಿಮ್ ಹತ್ರ ಇರ್ಲಿ. ಎರಡು ಇಟ್ರೆ ಇನ್ನೂ ಒಳ್ಳೇದು.”

“ಎರಡು ಕೊಡಿ.”

ಗೂಳಪ್ಪ ಆಗಷ್ಟೇ ತುಂಬಿಸಿದ್ದ ಸಾಲಿನ ಮೇಲೆ ಸ್ಕೇಲು ಇಟ್ಟು ಗೆರೆ ಎಳೆದು, ಪಕ್ಕದಲ್ಲಿ ‘ರದ್ದು’ ಎಂದು ಬರೆದರು. “ನಮ್ಮಂಗ್ಡೀಲಿ ಬರ್ದೆ ಅಂತ ಮಾತ್ರ ಎಲ್ಲೂ ಹೇಳ್ಬೇಡಿ ತಾಯಿ,” ಎಂದರು. “ಆಮೇಲೆ ಎಲ್ರೂ ಬಂದು ಇಲ್ಲೇ ಕೂತ್ಕೋತಾರೆ.”

ಪತ್ರ ಮುಗಿಯಲು ಹತ್ತು ನಿಮಿಷ ಸಾಕಾಯಿತು.

ಬೈರಯ್ಯ ಈಗ ಚಂದ್ರಾ ಲೇಔಟಿನ ಒಂದು ಅಡ್ಡರಸ್ತೆಯಲ್ಲಿ, ಮುಚ್ಚಿದ ಗ್ಯಾರೇಜೊಂದರ ಶಟರಿನ ಮುಂದೆ ಮೇಜು ಹಾಕಿಕೊಂಡಿದ್ದ. ತುಂಗಾ ಆಟೋ ಇಳಿದಾಗ ಮೂರು ಗಂಟೆ. ತಲೆಯ ಮೇಲೆ ಕಟ್ಟಿದ್ದ ಪ್ಲಾಸ್ಟಿಕ್ ಹಾಳೆ ನೆರಳಿಗಿಂತ ಹೆಚ್ಚಾಗಿ ಸೆಕೆ ಕೊಡುತ್ತಿತ್ತು. ಅವನು ಯಾರದೋ ಪಂಚೆಗೆ ಇಸ್ತ್ರಿ ಹಾಕುತ್ತಿದ್ದ. ಅವಳನ್ನು ಕಂಡವನೇ ಪೆಟ್ಟಿಗೆಯನ್ನು ಬದಿಗಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಶಟರಿಗೆ ಅಂಟಿ ನಿಂತ. ಆ ಬೀದಿಗೆ ಕಾಲಿಡುವುದಿಲ್ಲ ಎಂದು ಬರೆದುಕೊಟ್ಟವನಿಗೆ ಆ ಬೀದಿಯವರೆಂದರೇ ಅಳುಕು.

ಸ್ಟೂಲಿನ ಮೇಲೆ ಕೂತು ಬಟ್ಟೆಗೆ ನೀರು ಚಿಮುಕಿಸುತ್ತಿದ್ದ ಅಂಜನಮ್ಮ ಎದ್ದಳು. “ಕಾಗ್ದ ತಂದ್ರಾ ಮೇಡಂ? ನಾನು ಹೇಳ್ಲಿಲ್ವಾ ನಿಮಗೆ,” ಎಂದು ಗಂಡನ ಕಡೆ ತಿರುಗಿದಳು, “ಅವರು ಮರೆಯಂಥೋರಲ್ಲ, ಕೆಲ್ಸ ಇರುತ್ತೆ ಅಂತ. ಕೂತ್ಕಳಿ ಮೇಡಂ, ಈ ಸ್ಟೂಲ್ ತಗಳಿ.”

ತುಂಗಾ ಕೂರಲಿಲ್ಲ. ಪ್ರತಿಯನ್ನು ಅಂಜನಮ್ಮನ ಕೈಗೆ ಕೊಟ್ಟಳು.

“ನಂಗೇನ್ ಓದಕ್ ಬರುತ್ತಾ. ಅವ್ರಿಗೂ ಸಹಿ ಅಷ್ಟೇ. ನೀವೇ ಓದಿ. ಕೇಳೋಣ, ಹೆಂಗ್ ಬರ್ದಿದೀರ ಅಂತ.”

ಕಾಗದ ಮತ್ತೆ ಅವಳ ಕೈಗೆ ಬಂತು. ಇದನ್ನು ಅವಳು ಯೋಚಿಸಿರಲಿಲ್ಲ. ಠಾಣೆಗೆ ಕೊಡುವ ಮುಂಚೆ ಇವರಿಗೆ ತೋರಿಸಬೇಕು ಎಂದಷ್ಟೇ ಅಂದುಕೊಂಡಿದ್ದಳು. ತೋರಿಸಿದರೆ ಕಾಗದವೇ ಹೇಳುತ್ತದೆ, ತಾನು ಬಾಯಿ ಬಿಡಬೇಕಾಗಿಲ್ಲ ಎಂದು. ದಿನಾ ತರಗತಿಯಲ್ಲಿ ಓದಿ ಹೇಳುವವಳು ಕಾಗದವನ್ನು ಬಿಡಿಸಿ ಹಿಡಿದಳು. ಓದಿದಳು.

“ಆರ್‌ಪಿಸಿ ಲೇಔಟಿನ ವಾಸಿಯಾದ ತುಂಗಾ ಎಂಬ ನಾನು, ನನಗೆ ಬೈರಯ್ಯನವರಿಂದ ಜೀವಭಯವಿದೆ ಎಂದು ದೂರು ಕೊಟ್ಟಿದ್ದೆ. ಅದು ಸುಳ್ಳು. ಕೋವಿಯ ಲೈಸೆನ್ಸಿಗಾಗಿ ಒಂದು ಹೆಸರು ಬೇಕಾಗಿತ್ತು, ನಾನು ಅವರ ಹೆಸರು ಹೇಳಿದೆ. ಸಾಕ್ಷಿ ಹಾಕಿದ ನನ್ನ ತಂದೆ ನನ್ನ ಮಾತು ನಂಬಿ ಹಾಕಿದ್ದಾರೆ. ಬೈರಯ್ಯನವರು ನನ್ನನ್ನು ಬೆದರಿಸಿಲ್ಲ. ಅವರು ನನ್ನ ಗಂಡನ ಬಟ್ಟೆ ಹಿಂದಿರುಗಿಸಲು ಬಂದು ನಿಲ್ಲುತ್ತಿದ್ದರು. ಲೈಸೆನ್ಸನ್ನು ವಾಪಸು ಒಪ್ಪಿಸುತ್ತಿದ್ದೇನೆ. ಅವರ ಮೇಲಿನ ಮುಚ್ಚಳಿಕೆಯನ್ನು ರದ್ದು ಮಾಡಬೇಕು. ಈ ಸುಳ್ಳಿಗೆ ನಾನೊಬ್ಬಳೇ ಹೊಣೆ.”

ಬೀದಿಯಲ್ಲಿ ಸ್ಕೂಟರೊಂದು ಹೋಯಿತು. ಅಂಜನಮ್ಮ 'ಸುಳ್ಳು' ಎಂಬ ಪದದ ಹತ್ತಿರವೇ ನಿಂತುಬಿಟ್ಟಂತೆ ಅವಳನ್ನು ನೋಡುತ್ತಿದ್ದಳು. ಕೈಯಲ್ಲಿದ್ದ ಚೊಂಬಿನಿಂದ ನೀರು ಅವಳ ಕಾಲಿನ ಮೇಲೆ ತೊಟ್ಟಿಕ್ಕುತ್ತಿತ್ತು.

“ನೀವಾ?” ಎಂದಳು.

“ನಾನೇ.”

“ಕೋವಿ ತಗಂಡ್ರಾ?”

“ಇಲ್ಲ.”

“ನಮ್ಮ ಅವ್ರಿಗೆ ಕೋವಿ ಯಾಕೆ ಬೇಕಿತ್ತು ಮೇಡಂ. ಗದರಿದ್ರೆ ಸಾಕಿತ್ತಲ್ಲ, ಹೋಗೋರು.”

ಕ್ಷಮಿಸಿ ಎಂಬ ಪದ ತುಂಗಾಳ ಬಾಯಲ್ಲಿ ಆಟೋದಲ್ಲೇ ಸಿದ್ಧವಾಗಿತ್ತು. ಇಲ್ಲಿ ಅದನ್ನು ಕೊಟ್ಟರೆ ಅವರು ಅದಕ್ಕೆ ಏನಾದರೂ ತಿರುಗಿ ಕೊಡಬೇಕಾಗುತ್ತದೆ ಎಂದು ಕೊಡಲಿಲ್ಲ.

ಅಂಜನಮ್ಮ ಚೊಂಬನ್ನು ಮೇಜಿನ ಮೇಲೆ ಕುಕ್ಕಿದಳು. “ಆ ಅಧ್ಯಕ್ಷನ ಮನೆ ಮುಂದೆ ಮೂರು ಸಲ ಮಣ್ಣು ತೂರಿ ಬಂದಿದೀನಿ ನಾನು. ಹಾಳಾಗೋಗ್ಲಿ ಅಂತ. ಶ್ರಾವಣದಲ್ಲಿ ಅವನ ಮೊಮ್ಮಗೀಗೆ ಡೆಂಗ್ಯೂ ಬಂದು ಆಸ್ಪತ್ರೆ ಸೇರಿಸಿದ್ರಂತೆ, ತಟ್ತು ಅಂತ ಖುಷಿ ಪಟ್ಟೆ. ಮಗು ಅದು. ಬದುಕ್ಕಂತು ಸದ್ಯ. ಈಗ ಆ ಶಾಪನ ನಾನು ಏನ್ಮಾಡ್ಲಿ? ನಿಮ್ ಕಡೆ ತಿರುಗಿಸ್ಲಾ? ಹೇಳಿ, ನೀವು ಓದಿದೋರು.”

“ತಿರುಗಿಸಿ,” ಎಂದಳು ತುಂಗಾ.

ಅಂಜನಮ್ಮ ಮುಖ ಆಚೆ ಹೊರಳಿಸಿ ಸೆರಗಿನಿಂದ ಕಾಲು ಒರೆಸಿಕೊಂಡಳು. ತಿರುಗಿಸಿದಳೋ ಇಲ್ಲವೋ ತುಂಗಾಳಿಗೆ ತಿಳಿಯಲಿಲ್ಲ.

ಬೈರಯ್ಯ ಅಷ್ಟು ಹೊತ್ತೂ ಶಟರಿಗೆ ಒರಗಿಯೇ ನಿಂತಿದ್ದ. ಈಗ ಮುಂದೆ ಬಂದ. ಅವಳ ಕಡೆ ಅಲ್ಲ, ಮೇಜಿನ ಕಡೆ. ಅರ್ಧಕ್ಕೆ ಬಿಟ್ಟಿದ್ದ ಪಂಚೆಯ ಮಡಿಕೆಯನ್ನು ಅಂಗೈಯಿಂದ ಸವರಿ ಸರಿಮಾಡಿದ. ಅವಳ ಮುಖ ನೋಡಲಿಲ್ಲ, ಕೈಯಲ್ಲಿದ್ದ ಕಾಗದವನ್ನೇ ನೋಡುತ್ತಿದ್ದ.

“ಠಾಣೇಲಿ ನನ್ನ ಮೇಲೆ ಬರ್ದಿದ್ನ ಒಂದೇ ಸಲ ಓದಿದ್ರು,” ಎಂದ. “ಬಿರಬಿರ ಓದಿದ್ರು. ಏನೂ ತಿಳೀಲಿಲ್ಲ, ಸಹಿ ಹಾಕು ಅಂದ್ರು, ಹಾಕ್ದೆ.”

ಕಾಗದದ ಕಡೆ ಕೈ ತೋರಿಸಿದ: “ಇದ್ನ ಇನ್ನೊಂದ್ಸಲ ಓದಿ. ನನ್ನ ಹೆಸರು ಬರೋ ಕಡೆ ನಿಧಾನಕ್ಕೆ.”

ತುಂಗಾ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದಳು. ಅದು ಅಲ್ಲಾಡುತ್ತಿತ್ತು, ಅಕ್ಷರಗಳ ಮೇಲೆ ಕಣ್ಣು ನಿಲ್ಲುತ್ತಿರಲಿಲ್ಲ. ಮೊದಲಿನಿಂದ ಶುರುಮಾಡಿದಳು.